ಅಂಗೈಯಲ್ಲಿ ಅರಮನೆ, ಅಂಗೈಯಲ್ಲೇ ಗುಮ್ಮ

ಮಾಂಜರಾ ನದಿಯ ಸೀಮೆಯಲ್ಲಿರುವ ಭಾಲ್ಕಿ ತಾಲೂಕಿನ ಸಾಯಗಾಂವಕ್ಕೂ ಪಶ್ಚಿಮಘಟ್ಟದ ಹಳ್ಳಿಗಳಿಗೂ ನೂರಾರು ಕಿಲೋಮೀಟರ್ ಅಂತರ. ಅಲ್ಲಿ ತೊಗರಿ, ಸೋಯಾ. ಇಲ್ಲಿ ಅಡಿಕೆ, ಕಾಫಿ. ಆದರೂ ರಾಜಕೀಯ ಪಕ್ಷಗಳು ಎರಡೂ ಕಡೆಯ ಮತದಾರರನ್ನು ಇಂದು ಒಂದೇ ದಾರಿಯಿಂದ ತಲುಪುತ್ತಿವೆ. ಆ ದಾರಿ ಮೊಬೈಲ್ ಪರದೆ.

ಪರದೆಯ ಮೇಲಿನ ಜನಪ್ರಿಯ ರಾಜಕಾರಣಕ್ಕೆ ಮೂರು ಮುಖಗಳಿವೆ. ಮೊದಲನೆಯದು ಭರವಸೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ತನ್ನ ಐದು ಗ್ಯಾರಂಟಿಗಳನ್ನು ಒಂದೊಂದು ಹೆಸರು, ಒಂದೊಂದು ಅಂಕಿಗೆ ಇಳಿಸಿತು: ಗೃಹಲಕ್ಷ್ಮಿಗೆ 2,000 ರೂಪಾಯಿ, ಗೃಹಜ್ಯೋತಿಗೆ 200 ಯೂನಿಟ್. ಎರಡನೆಯದು ಅಣಕ. 2022ರ ಸೆಪ್ಟೆಂಬರಿನಲ್ಲಿ ಅದೇ ಪಕ್ಷ ಬೆಂಗಳೂರಿನಲ್ಲಿ ಅಂಟಿಸಿದ 'ಪೇಸಿಎಂ' ಭಿತ್ತಿಪತ್ರ ಗೋಡೆಗಿಂತ ಹೆಚ್ಚಾಗಿ ಮೊಬೈಲಿನಲ್ಲಿಯೇ ಸಂಚರಿಸಿತು. ಮೂರನೆಯದು ಭಯ. 2024ರ ಮೇ ತಿಂಗಳಲ್ಲಿ ಮೀಸಲಾತಿ ಕುರಿತು ರಾಜ್ಯ ಬಿಜೆಪಿ ಹಾಕಿದ್ದ, ಮುಸ್ಲಿಮರನ್ನು ಗುರಿಯಾಗಿಸಿದ ಆನಿಮೇಷನ್ ವಿಡಿಯೋವನ್ನು ತೆಗೆಯುವಂತೆ ಚುನಾವಣಾ ಆಯೋಗವು ಎಕ್ಸ್ ಸಂಸ್ಥೆಗೆ ಸೂಚಿಸಬೇಕಾಯಿತು.

ಇವು ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಅಂಕಿಯುಳ್ಳ ಭರವಸೆಯನ್ನು ಪರೀಕ್ಷಿಸಬಹುದು. ಹಣ ಬಂದಿತೋ ಇಲ್ಲವೋ ಎಂಬುದನ್ನು ಸಾಯಗಾಂವದ ಗೃಹಿಣಿ ತನ್ನ ಪಾಸ್‌ಬುಕ್ ನೋಡಿಯೇ ಹೇಳಬಲ್ಲಳು. ಭಯಕ್ಕೆ ಅಂತಹ ಪಾಸ್‌ಬುಕ್ ಇಲ್ಲ. ಮಲೆನಾಡು ಇದನ್ನು ಚೆನ್ನಾಗಿ ಬಲ್ಲದು.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ, 30ರಂದು ವಯನಾಡಿನಲ್ಲಿ ಗುಡ್ಡ ಕುಸಿಯಿತು. 31ರಂದು ಕೇಂದ್ರವು ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು ಮತ್ತೆ ಹೊರಡಿಸಿತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಭಾಲ್ಕಿಯ ಶಾಸಕರೂ ಆಗ ಅರಣ್ಯ ಸಚಿವರೂ ಆಗಿದ್ದ ಈಶ್ವರ ಖಂಡ್ರೆ ಅವರು ಆಗಸ್ಟಿನಲ್ಲಿ ಘಟ್ಟದ ಒತ್ತುವರಿ ತೆರವಿಗೆ ಆದೇಶಿಸಿದರು. ಸೆಪ್ಟೆಂಬರ್ 26ರಂದು ಅದೇ ಸರ್ಕಾರದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. 2022ರಲ್ಲಿ ಬಿಜೆಪಿ ಸರ್ಕಾರವೂ ಇದನ್ನೇ ವಿರೋಧಿಸಿತ್ತು.

'ನಿಮ್ಮನ್ನು ಒಕ್ಕಲೆಬ್ಬಿಸುತ್ತಾರೆ' ಎಂಬ ಒಂದು ಸಾಲು ಹಳ್ಳಿಯಿಂದ ಹಳ್ಳಿಗೆ ಹರಡಲು ಕ್ಷಣ ಸಾಕು. ಕರಡಿನಲ್ಲಿ ನಿಷೇಧಕ್ಕೆ ಒಳಗಾದದ್ದು ಗಣಿಗಾರಿಕೆ, ಕಲ್ಲುಕ್ವಾರಿ, ಮರಳುಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ ಕೈಗಾರಿಕೆ ಮತ್ತು ಬೃಹತ್ ಕಟ್ಟಡಗಳು. ಇದನ್ನು ಓದಿ ಹೇಳಲು ಅರ್ಧ ಗಂಟೆ ಬೇಕು; ಆ ಅರ್ಧ ಗಂಟೆಯನ್ನು ಯಾವ ಪಕ್ಷವೂ ಕೊಡಲಿಲ್ಲ. ಒತ್ತುವರಿ ತೆರವಿನ ಹೆಸರಿನಲ್ಲಿ ಸಣ್ಣ ಹಿಡುವಳಿದಾರರಿಗೆ ಅನ್ಯಾಯವಾದೀತೆಂಬ ಆತಂಕ ನಿಜವಾದದ್ದೇ. ಆದರೆ ಆ ಆತಂಕದ ಮರೆಯಲ್ಲಿ ಕ್ವಾರಿಯೂ ರೆಸಾರ್ಟೂ ನೆರಳು ಪಡೆಯುತ್ತಿರುವುದನ್ನು ಮರೆಯುವಂತಿಲ್ಲ.

ಕರಡಿನ ಕನ್ನಡ ಪ್ರತಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸುವಂತೆ ಹಳ್ಳಿಗರು ಪಟ್ಟು ಹಿಡಿಯಬೇಕು. ವಿದ್ಯಾರ್ಥಿಗಳು ಫಾರ್ವರ್ಡ್ ಮಾಡುವ ಮುನ್ನ 'ಇದು ಯಾವ ಪುಟದಲ್ಲಿದೆ?' ಎಂದು ಕೇಳಬೇಕು. ಪರದೆಯ ಸಂದೇಶ ಉತ್ತರಿಸಬೇಕಾಗಿಲ್ಲ; ಗ್ರಾಮಸಭೆಗೆ ಬಂದ ಜನಪ್ರತಿನಿಧಿ ಉತ್ತರಿಸಲೇಬೇಕು.