ಟಿಕೆಟು ಉಚಿತ, ಬಸ್ಸೆಲ್ಲಿ?

ಧಾರವಾಡ ಜಿಲ್ಲೆಯೆಂದರೆ ಬಯಲುಸೀಮೆ ಎಂಬ ಭಾವನೆ ಹೊರಗಿನವರಲ್ಲಿ ಬೇರೂರಿದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆನೆಲವನ್ನಷ್ಟೇ ಕಂಡವರಿಗೆ ಹಾಗೆನಿಸುವುದು ಸಹಜ. ಆದರೆ ಹುಬ್ಬಳ್ಳಿಯಿಂದ ಅಂಕೋಲೆಯ ದಾರಿ ಹಿಡಿದು ಕಲಘಟಗಿ ದಾಟಿದರೆ ನೆಲ ಏರಿಳಿಯತೊಡಗುತ್ತದೆ. ದೇವಿಕೊಪ್ಪದ ಹೊತ್ತಿಗೆ ಕಾಡು ಜೊತೆಯಾಗುತ್ತದೆ. ಬಯಲಿನ ದಾರಿಗೂ ಗುಡ್ಡದ ದಾರಿಗೂ ಅದರದರ ಸಂಕಟಗಳಿವೆ. ನವಲಗುಂದದ ಕಡೆ ಮಳೆ ಹಿಡಿದರೆ ಎರೆಮಣ್ಣು ಚಕ್ರಕ್ಕೆ ಮೆತ್ತಿ ಬಂಡಿಯೂ ಅಲುಗದು. ಬೆಣ್ಣಿಹಳ್ಳ ತುಂಬಿದರೆ ಯಮನೂರಿನಂಥ ಊರುಗಳ ಸಂಪರ್ಕವೇ ಅನಿಶ್ಚಿತವಾಗುತ್ತದೆ. ಇತ್ತ ಕಲಘಟಗಿಯ ಒಳಊರುಗಳಲ್ಲಿ ದಾರಿ ಕಿರಿದು, ತಿರುವು ಹೆಚ್ಚು, ಮನೆಗಳು ಚದುರಿವೆ. ಹೀಗಾಗಿ ಬಸ್ಸು ಓಡಿಸಿದರೆ ಲಾಭವಿಲ್ಲ ಎಂಬ ಲೆಕ್ಕ ಬಲು ಬೇಗ ಮುಂದೆ ಬರುತ್ತದೆ.

ಈ ಲೆಕ್ಕದ ಎದುರು ಇನ್ನೊಂದು ಲೆಕ್ಕವನ್ನಿಡಬೇಕಾಗಿದೆ. ಗುಡ್ಡನಾಡಿನ ಸಂಚಾರವೆಂದೊಡನೆ ನಮ್ಮ ಆಳುವವರ ಕಣ್ಣಿಗೆ ಕಾಣುವುದು ಅಗಲವಾದ ಹೆದ್ದಾರಿ, ಇಲ್ಲವೇ ರೈಲು ಹಳಿ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಕಥೆ 1990ರ ದಶಕದಿಂದ ನಡೆದುಬಂದಿದೆ. ಸುಮಾರು 164 ಕಿ.ಮೀ. ಉದ್ದದ ಈ ಮಾರ್ಗಕ್ಕೆ 595 ಹೆಕ್ಟೇರಿನಷ್ಟು ಅರಣ್ಯ ಬೇಕೆಂದು ಹೇಳಲಾಗಿತ್ತು. 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಮೊದಲು ಬೇಡವೆಂದು, ಕೆಲವೇ ದಿನಗಳಲ್ಲಿ ಆಗಬಹುದೆಂದು ಹೇಳಿತು. ಅದೇ ವರ್ಷದ ಜೂನ್‌ನಲ್ಲಿ ಹೈಕೋರ್ಟ್ ತಡೆ ನೀಡಿತು. ಈ ಮಾರ್ಗದ ಕಲ್ಪನೆ ಮೂಡಿದ್ದೇ ಬಳ್ಳಾರಿ–ಹೊಸಪೇಟೆಯ ಅದಿರನ್ನು ಬಂದರಿಗೆ ಸಾಗಿಸುವುದಕ್ಕಾಗಿ. ಕಲಘಟಗಿಯ ಒಳಊರಿನ ವಿದ್ಯಾರ್ಥಿನಿ ಸಂಜೆ ಮನೆ ಮುಟ್ಟುವ ಪ್ರಶ್ನೆ ಅದರಲ್ಲಿ ಎಂದೂ ಇರಲಿಲ್ಲ.

ಹೆದ್ದಾರಿಯ ಮಾತೂ ಅಷ್ಟೇ. ಹಿಂದೆ 63 ಎನಿಸಿಕೊಂಡು ಈಗ 52 ಆಗಿರುವ ರಾಷ್ಟ್ರೀಯ ಹೆದ್ದಾರಿ 2021ರ ಜುಲೈನಲ್ಲಿ ಅರಬೈಲ್ ಘಟ್ಟದಲ್ಲಿ ಕುಸಿಯಿತು. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಕೂಡಿ, ಘಟ್ಟವಿಳಿದು ಗಂಗಾವಳಿ ಎನಿಸಿಕೊಳ್ಳುತ್ತದೆ. ಅದೇ ಗಂಗಾವಳಿಯ ದಂಡೆಯ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಜರಿದು ಹೆದ್ದಾರಿಯ ಮೇಲಿದ್ದವರನ್ನು ನದಿಗೆ ನೂಕಿತು. ಅಲ್ಲಿ ಹೆದ್ದಾರಿಗೆಂದು ಗುಡ್ಡದ ಬುಡ ಕಡಿದ ರೀತಿ ತೀವ್ರ ಟೀಕೆಗೆ ಗುರಿಯಾಯಿತು. ಗುಡ್ಡಕ್ಕೆ ತನ್ನದೇ ಆದ ಇಳಿಜಾರಿನ ಲೆಕ್ಕವಿದೆ; ಎಂಜಿನಿಯರರ ನಕಾಶೆ ಅದನ್ನು ಅಳಿಸಲಾರದು.

ಮಧ್ಯ ಏಷ್ಯಾದ ಕಿರ್ಗಿಸ್ತಾನವನ್ನು ಇಲ್ಲಿ ನೆನೆಯಬೇಕು. ವೈದ್ಯಕೀಯ ಓದಿಗೆಂದು ಭಾರತದ ಸಾವಿರಾರು ಮಕ್ಕಳು ಅಲ್ಲಿಗೆ ಹೋಗಿರುವುದರಿಂದ ಬಿಷ್ಕೇಕ್ ಎಂಬ ಹೆಸರು ನಮ್ಮ ಮನೆಗಳಿಗೂ ಅಪರಿಚಿತವಲ್ಲ. ವಿಸ್ತೀರ್ಣದಲ್ಲಿ ಆ ದೇಶ ಕರ್ನಾಟಕಕ್ಕಿಂತ ತುಸುವೇ ದೊಡ್ಡದು. ಜನಸಂಖ್ಯೆ ಮಾತ್ರ ಸುಮಾರು 70 ಲಕ್ಷ. ನೆಲದ ಬಹುಪಾಲು ಪರ್ವತ. ಬಿಷ್ಕೇಕಿನಿಂದ ಓಶ್ ನಗರಕ್ಕೆ ಹೋಗುವವರು 3,000 ಮೀಟರಿಗೂ ಎತ್ತರದ ಕಣಿವೆದಾರಿಗಳನ್ನು ದಾಟಬೇಕು. ಚಳಿಗಾಲದಲ್ಲಿ ಹಿಮ ಜಾರಿ ದಾರಿ ಮುಚ್ಚುವುದುಂಟು. ರೈಲು ಅಲ್ಲಿ ಅಲ್ಪ. ಜನರನ್ನು ಹೊತ್ತೊಯ್ಯುವುದು ಮಾರ್ಶ್ರುತ್ಕಾ ಎಂಬ ಸಣ್ಣ ವ್ಯಾನು ಮತ್ತು ನಾಲ್ಕಾರು ಜನ ಸೇರಿ ಹಿಡಿಯುವ ಟ್ಯಾಕ್ಸಿ. ಅನೇಕ ಕಡೆ ಇವಕ್ಕೆ ವೇಳಾಪಟ್ಟಿಯೇ ಇಲ್ಲ; ಆಸನ ತುಂಬಿದಾಗ ಹೊರಡುತ್ತವೆ. ಪ್ರವಾಸಿಗೆ ಇದೊಂದು ಸೊಗಸು. ಬಾಡಿಗೆ ಚೌಕಾಸಿ ಮಾಡಿ, ಕಿಟಕಿಯ ಬದಿ ಕುಳಿತು ಹಿಮಶಿಖರ ನೋಡುತ್ತಾನೆ, ಊರಿಗೆ ಮರಳಿ ವರ್ಣಿಸುತ್ತಾನೆ. ಆದರೆ 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಸರಕಾರಿ ಬಸ್ ವ್ಯವಸ್ಥೆ ಸೊರಗಿ, ತೆರವಾದ ಜಾಗಕ್ಕೆ ಈ ವ್ಯಾನುಗಳು ಬಂದವು ಎಂಬುದನ್ನು ಮರೆಯಬಾರದು. ಅಲ್ಲಿಯ ಹಳ್ಳಿಗನಿಗೆ ಅದು ಆಯ್ಕೆಯಲ್ಲ, ಗತಿ.

ನಮ್ಮ ಟಂಟಂ, ಟ್ರ್ಯಾಕ್ಸ್, ಕ್ರೂಸರುಗಳ ಕಥೆಯೂ ಇದೇ ಅಲ್ಲವೇ? ಬಸ್ಸು ಬಾರದ ಕಡೆ, ಬಂದರೂ ನಿಲ್ಲದ ಕಡೆ ಇವೇ ಆಸರೆ. ಇವನ್ನು ಹಳಿಯುವುದು ಸುಲಭ. ಸಂತೆಯ ದಿನ ಚೀಲ, ಕೋಳಿ, ಬಾಣಂತಿ ಎಲ್ಲವನ್ನೂ ಹೊತ್ತು ಊರು ಮುಟ್ಟಿಸುವವರು ಈ ಚಾಲಕರೇ. ಆದರೆ ಕಾನೂನು ಬೇರೆಯದೇ ಮಾತು ಹೇಳುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಒಪ್ಪಂದದ ಮೇಲೆ ಓಡುವ ಬಾಡಿಗೆ ವಾಹನ ದಾರಿಯಲ್ಲಿ ಒಬ್ಬೊಬ್ಬರನ್ನಾಗಿ ಹತ್ತಿಸಿಕೊಳ್ಳುವಂತಿಲ್ಲ. ಆ ಹಕ್ಕು ಅದಕ್ಕೆಂದೇ ಪರವಾನಗಿ ಪಡೆದ ಬಸ್ಸಿನಂಥ ವಾಹನಗಳಿಗೆ ಮಾತ್ರ. ಅಂದರೆ ಬಸ್ಸನ್ನೂ ಕೊಡದೆ, ಇದ್ದ ವಾಹನವನ್ನೂ ಅಕ್ರಮವೆಂದು ಕರೆದರೆ ಹಳ್ಳಿಗರು ದಿನವೂ ನಿಯಮ ಮುರಿದೇ ಪ್ರಯಾಣಿಸಬೇಕಾಗುತ್ತದೆ. ಅಪಘಾತವಾದಾಗ ಪರವಾನಗಿಯ ಪ್ರಶ್ನೆ ಎದ್ದು ಪರಿಹಾರಕ್ಕಾಗಿ ಅಲೆಯುವವರೂ ಅವರೇ.

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಇದು ಒಳ್ಳೆಯ ಕೆಲಸವೆಂದೇ ನನ್ನ ಅಭಿಪ್ರಾಯ. ಕೂಲಿಗೆ, ಆಸ್ಪತ್ರೆಗೆ, ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿಗೆ ಇದರಿಂದ ಆದ ಉಪಕಾರ ಸಣ್ಣದಲ್ಲ. ಆದರೆ ಶೂನ್ಯ ಟಿಕೆಟು ಸಿಗಬೇಕಾದರೆ ಮೊದಲು ಕಂಡಕ್ಟರು ಎದುರಿಗೆ ಬರಬೇಕು. ಬಸ್ಸಿಲ್ಲದ ಊರಿನ ಹುಡುಗಿ ಟಂಟಂಗೆ ಹಣ ಕೊಟ್ಟೇ ಹೋಗುತ್ತಾಳೆ. ಸಂಜೆಯ ಕೊನೆಯ ಗಾಡಿ ತಪ್ಪೀತೆಂಬ ಅಂಜಿಕೆಗೆ ಕಡೆಯ ತರಗತಿ ಬಿಟ್ಟು ಏಳುತ್ತಾಳೆ. ಹೀಗೆ ನಾಲ್ಕು ತಿಂಗಳಾದರೆ, ‘ಸಾಕವ್ವಾ, ಮನ್ಯಾಗ ಇರು’ ಎಂಬ ಮಾತು ಬರಲು ತಡವಾಗದು.

ಹುಬ್ಬಳ್ಳಿ–ಧಾರವಾಡದ ನಡುವೆ ಸುಮಾರು 22 ಕಿ.ಮೀ.ಗೆ ಪ್ರತ್ಯೇಕ ಪಥ ನಿರ್ಮಿಸಿ, 2018ರಿಂದ ಚಿಗರಿ ಬಸ್ಸುಗಳನ್ನು ಓಡಿಸಲು ಸಾಧ್ಯವಾಯಿತು. ಆ ವೆಚ್ಚದ ಒಂದು ಸಣ್ಣ ಪಾಲಿನಲ್ಲಿ ಕಲಘಟಗಿಯ ಒಳದಾರಿಗಳಿಗೆ ಒಗ್ಗುವ ಚಿಕ್ಕ ಬಸ್ಸುಗಳನ್ನು ಕೊಳ್ಳಬಹುದಲ್ಲ! ಚಿಕ್ಕ ಬಸ್ಸಿಗೆ ರಸ್ತೆ ಅಗಲಿಸಬೇಕಾಗಿಲ್ಲ, ಅದಕ್ಕಾಗಿ ಮರ ಕಡಿಯಬೇಕಾಗಿಲ್ಲ, ಗುಡ್ಡ ಕೊರೆಯಬೇಕಾಗಿಲ್ಲ. ರಾತ್ರಿ ಊರಲ್ಲೇ ತಂಗಿ ಬೆಳಗ್ಗೆ ಹೊರಡುವ ವಸ್ತಿ ಬಸ್ಸಿನ ಪದ್ಧತಿ ನಮಗೆ ಹೊಸದೇನಲ್ಲ. ಚಾಲಕ, ನಿರ್ವಾಹಕರಿಗೆ ಮಲಗಲೊಂದು ಕೋಣೆ, ಶೌಚಾಲಯ ಒದಗಿಸುವುದು ಗ್ರಾಮ ಪಂಚಾಯಿತಿಗೆ ಭಾರವಾಗದು. ಅದಿಲ್ಲದೆ ವಸ್ತಿ ಬಸ್ಸು ಬೇಡಿದರೆ ಸಿಬ್ಬಂದಿ ಒಪ್ಪದಿರುವುದರಲ್ಲಿ ತಪ್ಪಿಲ್ಲ.

ಮುಂದಿನ ಗ್ರಾಮಸಭೆಯಲ್ಲಿ ವಿದ್ಯಾರ್ಥಿಗಳು ಒಂದು ಪಟ್ಟಿಯೊಡನೆ ಹಾಜರಾಗಲಿ: ಯಾವ ಊರಿನಿಂದ ಎಷ್ಟು ಜನ, ಎಷ್ಟು ಗಂಟೆಗೆ, ಎಲ್ಲಿಗೆ ಹೋಗಿ ಬರುತ್ತಾರೆ, ಕೊನೆಯ ತರಗತಿ ಮುಗಿಯುವುದು ಯಾವಾಗ ಎಂಬುದು ಅದರಲ್ಲಿರಲಿ. ಅದನ್ನು ಠರಾವಿನೊಡನೆ ಸಾರಿಗೆ ಘಟಕದ ವ್ಯವಸ್ಥಾಪಕರಿಗೂ ತಹಶೀಲ್ದಾರರಿಗೂ ಕಳಿಸಿ, ಮುಟ್ಟಿದ್ದಕ್ಕೆ ಸಹಿ ಪಡೆದುಕೊಳ್ಳಬೇಕು. ಮಳೆಗಾಲಕ್ಕೆ ಮೊದಲೇ ಇದಾದರೆ ಒಳ್ಳೆಯದು.