ಕಮ್ಮಿ ಬೆಲೆಗೆ ಕೊಡಿ, ತಾರೀಕು ಮುಚ್ಚಬೇಡಿ

ಪೇಟೆಯ ಸೂಪರ್ ಮಾರ್ಕೆಟಿನಲ್ಲಿ 'ಒಂದಕ್ಕೆ ಒಂದು ಫ್ರೀ' ಬೋರ್ಡು ಕಂಡರೆ ನಮ್ಮ ಕಣ್ಣು ಬೆಲೆಯ ಮೇಲೆ. ತಾರೀಕು ನೋಡುವುದು ಮನೆಗೆ ಬಂದ ಮೇಲೆ, ಅದೂ ಮಕ್ಕಳು ಓದಿ ಹೇಳಿದರೆ.

ಅವಧಿ ಮುಗಿಯಲು ಬಂದದ್ದನ್ನು ಅರ್ಧ ಬೆಲೆಗೆ ಮಾರುವುದು ತಪ್ಪಲ್ಲ. ಎಸೆಯುವುದಕ್ಕಿಂತ ಒಳ್ಳೆಯದೇ. ಸಿಟ್ಟು ಬರುವುದು ಕಾರಣ ಹೇಳದೆ ಮಾರುವುದಕ್ಕೆ. ಪುತ್ತೂರು ಪೇಟೆಯಲ್ಲೇ ಇರುವವರಿಗೆ ಹತ್ತು ದಿನ ಬಾಕಿ ಇದ್ದರೆ ಸಾಕು. ಸುಳ್ಯ, ಕಡಬದ ಒಳಗಿನ ಊರುಗಳಿಂದ ಬಸ್ಸು ಹಿಡಿದು ಬಂದು ತಿಂಗಳ ಸಾಮಾನು ಒಟ್ಟಿಗೆ ಕೊಂಡೊಯ್ಯುವವರಿಗೆ ಸಾಕಾ? ಮಳೆಗಾಲದಲ್ಲಿ ಕರೆಂಟು ಹೋದರೆ ಫ್ರಿಜ್ಜೂ ಬರೀ ಕಪಾಟು, ಮಾರಾಯ್ರೆ.

2024ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಆನ್‌ಲೈನ್ ಕಂಪೆನಿಗಳಿಗೆ ಒಂದು ಮಾತು ಹೇಳಿತು: ಆಹಾರ ಗಿರಾಕಿಯ ಕೈ ಸೇರುವಾಗ ಬಾಳಿಕೆಯ ಶೇ. 30ರಷ್ಟು ಅವಧಿ ಅಥವಾ 45 ದಿನ ಬಾಕಿ ಇರಬೇಕು. ಬೆಂಗಳೂರಿನಲ್ಲಿ ಮೊಬೈಲು ಒತ್ತಿ ತರಿಸುವವರಿಗೆ ಈ ಕಾಳಜಿ. ಅಂಗಡಿಗೇ ಹೋಗಿ ಚೀಲ ಹೊರುವ ನಮಗೆ?

'ನೋಡಿ ತಗೊಳ್ಳಬೇಕಿತ್ತು' ಅನ್ನುತ್ತಾರೆ. ಎಲ್ಲಿ ನೋಡುವುದು? ಪ್ಯಾಕೆಟಿನ ಮಡಿಕೆಯಲ್ಲಿ, ಇಂಗ್ಲಿಷಿನಲ್ಲಿ, ಎಳ್ಳಿನಷ್ಟು ಅಕ್ಷರ. ಒಮ್ಮೊಮ್ಮೆ ಅದರ ಮೇಲೆಯೇ ಆಫರ್ ಸ್ಟಿಕ್ಕರು! 'ಯೂಸ್ ಬೈ' ಅಥವಾ 'ಎಕ್ಸ್‌ಪೈರಿ' ತಾರೀಕು ದಾಟಿದ್ದನ್ನಂತೂ ಮಾರುವ ಹಾಗೇ ಇಲ್ಲ, ಎಷ್ಟೇ ಅಗ್ಗವಾಗಿ ಕೊಟ್ಟರೂ. ಮಾರಿದರೆ ಬಿಲ್ಲು ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಅಂಗಡಿಯವರಲ್ಲಿ ಕೇಳುವುದು ಇಷ್ಟೇ. ಇಂಥದ್ದಕ್ಕೆ ಬೇರೆ ಕಪಾಟು ಇಡಿ. ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ: 'ಈ ತಾರೀಕಿನೊಳಗೆ ಮುಗಿಸಿ, ಅದಕ್ಕೇ ಅರ್ಧ ಬೆಲೆ.' ನಾಳೆಯೇ ಮನೆಯಲ್ಲಿ ಪೂಜೆಯೋ ನೆಂಟರೋ ಇದ್ದವರು ಮೊದಲು ಅಲ್ಲಿಗೇ ಬರುತ್ತಾರೆ.