ಹೋದ ನೀರು ಮರಳಿ ಬರುವುದೇ?



ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರದ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ಅಡಕೆಯ ವ್ಯಾಪಾರಕ್ಕೆ ಹೆಸರಾದ ಊರು ಅದು; ದೊಡ್ಡದೊಂದು ಕೆರೆಯೂ ಅಲ್ಲಿದೆ. ಕಳೆದ ಬೇಸಿಗೆಯಲ್ಲಿ ನಮ್ಮ ಆಪ್ತರೊಬ್ಬರ ಮನೆಗೆ ನಾವು ಅಲ್ಲಿಗೆ ಹೋಗಿದ್ದೆವು. ಅವರ ತೋಟದ ಮೂರನೆಯ ಕೊಳವೆಬಾವಿ ಆ ವಾರವೇ ಬತ್ತಿತ್ತು. ಅಡಕೆಯ ಸೋಗೆಗಳು ಬಾಡಿ ಜೋತುಬಿದ್ದಿದ್ದವು. ಏಳನೆಯ ತರಗತಿಯಲ್ಲಿ ಓದುವ ಮೊಮ್ಮಗಳು ವಿಜ್ಞಾನದ ಪುಸ್ತಕವನ್ನು ಹಿಡಿದುಕೊಂಡು ಜಗಲಿಗೆ ಬಂದಳು.

"ಅಜ್ಜಾರೇ, ನೀರು ಆವಿಯಾಗಿ ಮೇಲೆ ಹೋಗಿ, ಮೋಡವಾಗಿ, ಮಳೆಯಾಗಿ ಮತ್ತೆ ಬರುತ್ತದೆ ಅಂತ ಇಲ್ಲಿ ಬರೆದಿದ್ದಾರೆ. ಹೋದ ನೀರೆಲ್ಲ ತಿರುಗಿ ಬರೋದಾದ್ರೆ ನಮ್ಮ ತೋಟದ ಬೋರು ಯಾಕೆ ಬತ್ತಿತು?" ಎಂದು ಆಕೆ ನಮ್ಮನ್ನು ಕೇಳಿದಳು.

ಯಜಮಾನರು ನಕ್ಕರು. ಆದರೆ ನಗುವಿನಲ್ಲಿ ಉತ್ತರವಿರಲಿಲ್ಲ. ಆ ಮಗುವಿನ ಪ್ರಶ್ನೆಗೆ ನಾವು ಅಂದು ಹೇಳಿದುದನ್ನೇ ಈ ತಿಂಗಳು ನಿಮ್ಮೆಲ್ಲರ ಮುಂದಿಡುತ್ತಿದ್ದೇವೆ.

ಮೊದಲು ಪುಸ್ತಕದ ಮಾತನ್ನು ಪರೀಕ್ಷಿಸೋಣ. ಅಡಕೆಯನ್ನು ಸುಲಿದು ಹಂಡೆಯಲ್ಲಿ ಬೇಯಿಸಿ ಅಂಗಳದಲ್ಲಿ ಹರಡುವುದನ್ನು ಆ ಕಡೆಯ ಮಕ್ಕಳು ವರ್ಷವರ್ಷವೂ ನೋಡುತ್ತಾರೆ. ಕೆಲವು ದಿನಗಳ ಬಿಸಿಲಿನಲ್ಲಿ ಒದ್ದೆ ಅಡಕೆ ಒಣಗಿ ಗಟ್ಟಿಯಾಗುತ್ತದೆ, ತೂಕವೂ ಇಳಿಯುತ್ತದೆ. ಕಡಿಮೆಯಾದ ಆ ತೂಕವೆಲ್ಲ ಬಹುಮಟ್ಟಿಗೆ ನೀರೇ. ಅದು ಕಣ್ಣಿಗೆ ಕಾಣದ ಆವಿಯಾಗಿ ಗಾಳಿಯನ್ನು ಸೇರಿತು. ಇನ್ನು ನಿಮ್ಮ ತಾಯಿಯವರು ಇಡ್ಲಿ ಪಾತ್ರೆಯ ಮುಚ್ಚಳವನ್ನು ತೆಗೆದಾಗ ಅದರ ಒಳಮೈಯನ್ನು ನೋಡಿರಿ. ಮೇಲೇರಿದ ಹಬೆ ತಣ್ಣನೆಯ ಲೋಹಕ್ಕೆ ತಗುಲಿ ಹನಿಗಟ್ಟಿರುತ್ತದೆ. ಬಿಸಿಲು ನೀರನ್ನು ಮೇಲಕ್ಕೆತ್ತುತ್ತದೆ, ತಂಪು ಅದನ್ನು ಹನಿಯಾಗಿಸುತ್ತದೆ. ಜಲಚಕ್ರವೆಂದರೆ ಈ ಎರಡು ಕೆಲಸಗಳ ನಿರಂತರ ಆವರ್ತನೆ.

ಹಾಗಾದರೆ ನಮ್ಮ ಮಳೆಯ ನೀರು ಎಲ್ಲಿಂದ ಹೊರಡುತ್ತದೆ? ಭೂಮಿಯ ಮೇಲಿನ ನೀರಿನಲ್ಲಿ ನೂರಕ್ಕೆ 97 ಭಾಗ ಸಮುದ್ರದ ಉಪ್ಪುನೀರು. ಸೂರ್ಯನ ಶಾಖಕ್ಕೆ ನೀರು ಆವಿಯಾಗುತ್ತದೆ, ಉಪ್ಪು ಕೆಳಗೇ ಉಳಿಯುತ್ತದೆ. ಮುಂಗಾರಿನ ಗಾಳಿ ಅರಬ್ಬೀ ಸಮುದ್ರದಿಂದ ಆ ಆವಿಯನ್ನು ಹೊತ್ತು ತಂದು ಸಹ್ಯಾದ್ರಿಯನ್ನು ಏರುತ್ತದೆ. ಏರಿದಂತೆಲ್ಲ ಗಾಳಿ ತಣ್ಣಗಾಗಿ, ಆವಿ ಧೂಳಿನ ಸೂಕ್ಷ್ಮ ಕಣಗಳ ಸುತ್ತ ಹನಿಗಟ್ಟಿ ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಘಟ್ಟವನ್ನು ದಾಟಿ ಇಳಿಯುವಾಗ ಅದೇ ಗಾಳಿ ಮತ್ತೆ ಬೆಚ್ಚಗಾಗುತ್ತದೆ; ಅದರಲ್ಲಿ ಉಳಿದಿರುವ ತೇವವೂ ಅಲ್ಪ. ಚಿತ್ರದುರ್ಗ ಜಿಲ್ಲೆಗೆ ದೊರೆಯುವುದು 600 ಮಿಲಿಮೀಟರಿನ ಆಸುಪಾಸು ಮಾತ್ರ. ಅದರಲ್ಲಿ ಒಂದು ದೊಡ್ಡ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ.

ಬಿದ್ದ ನೀರು ಸುಮ್ಮನೆ ನಿಲ್ಲುವುದಿಲ್ಲ. ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಹಳ್ಳಕೊಳ್ಳಗಳನ್ನು ಸೇರಿ, ತುಂಗಭದ್ರೆಯಲ್ಲಿ ಬೆರೆತು, ಕೃಷ್ಣೆಯ ಮಡಿಲಿನಲ್ಲಿ ಹರಿದು ಬಂಗಾಳಕೊಲ್ಲಿಗೆ ಹೋಗುತ್ತದೆ. ಪಡುವಣ ಕಡಲಿನಿಂದ ಬಂದ ನೀರು ಮೂಡಣ ಕಡಲನ್ನು ಸೇರುತ್ತದೆ! ಜಲಚಕ್ರ ತಿರುಗುವುದು ನಿಜ. ಆದರೆ ಅದು ಇಡೀ ಭೂಮಂಡಲದ ಚಕ್ರ. ಕೊಂಡೊಯ್ದ ನೀರನ್ನು ಅದು ಭೂಮಿಗೆ ಮರಳಿಸುತ್ತದೆ, ಆದರೆ ಅದೇ ಊರಿಗೆ, ಅದೇ ತೋಟಕ್ಕೆ ಮರಳಿಸುವೆನೆಂದು ಮಾತು ಕೊಟ್ಟಿಲ್ಲ. ಮಗುವಿನ ಪ್ರಶ್ನೆಗೆ ಇದು ಅರ್ಧ ಉತ್ತರ.

ಉಳಿದರ್ಧವು ಕಾಲಕ್ಕೆ ಸಂಬಂಧಿಸಿದುದು. ಆಕಾಶಕ್ಕೆ ಏರಿದ ನೀರು ಸರಾಸರಿ ಒಂಬತ್ತು ಹತ್ತು ದಿನಗಳಲ್ಲಿ ಮಳೆಯಾಗಿಯೋ ಹಿಮವಾಗಿಯೋ ಕೆಳಗಿಳಿಯುತ್ತದೆ. ನೆಲದೊಳಗೆ ಇಳಿದ ನೀರಿನ ನಡಿಗೆ ಮಾತ್ರ ಬಹಳ ನಿಧಾನ. ಚಿತ್ರದುರ್ಗ ಸೀಮೆಯ ನೆಲದಡಿ ಇರುವುದು ಗಟ್ಟಿ ಕಲ್ಲು. ಮೇಲಿನ ಶಿಥಿಲವಾದ ಪದರ ಮತ್ತು ಅದರ ಕೆಳಗಿನ ಬಿರುಕುಗಳು, ಇಷ್ಟೇ ಅಲ್ಲಿ ನೀರಿಗಿರುವ ಮನೆ. ಆಳವಾದ ಬಿರುಕುಗಳನ್ನು ತುಂಬಲು ಹತ್ತಾರು ವರ್ಷಗಳು, ಕೆಲವೆಡೆ ನೂರಾರು ವರ್ಷಗಳು ಬೇಕಾಗುತ್ತವೆ. ನಮ್ಮ ಮೋಟಾರು ಅದನ್ನು ಒಂದೆರಡು ಬೇಸಿಗೆಯಲ್ಲಿ ಎತ್ತಿಬಿಡುತ್ತದೆ. ಬಹುಕಾಲ ಕಲ್ಲಿನೊಡನೆ ಇದ್ದ ನೀರು ಕಲ್ಲಿನ ಅಂಶಗಳನ್ನೂ ಕರಗಿಸಿಕೊಂಡಿರುತ್ತದೆ. ಈ ಜಿಲ್ಲೆಯ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಹಲ್ಲು ಮೂಳೆಗಳಿಗೆ ಕೇಡುಮಾಡುವಷ್ಟು ಫ್ಲೋರೈಡ್ ಇರುವುದಕ್ಕೆ ಇದೇ ಕಾರಣ.

ಇಷ್ಟನ್ನು ಕೇಳಿದ ಮೇಲೆ ಆ ಹುಡುಗಿ ಕಾಗದ ಪೆನ್ಸಿಲು ತಂದಳು. ನಾವಿಬ್ಬರೂ ಕುಳಿತು ಒಂದು ಲೆಕ್ಕ ಮಾಡಿದೆವು. ನೀವೂ ಮಾಡಿ ನೋಡಿರಿ.

ಒಂಬತ್ತು ಅಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 540 ಅಡಕೆ ಮರಗಳು. ಬೇಸಿಗೆಯಲ್ಲಿ ಹನಿ ನೀರಾವರಿಯಿಂದ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ನೀರು ಬೇಕು. ಅಂದರೆ ಎಕರೆಗೆ ದಿನಕ್ಕೆ ಅಂದಾಜು 10,000 ಲೀಟರ್. ಬೇಸಿಗೆಯ 120 ದಿನಗಳಿಗೆ 12 ಲಕ್ಷ ಲೀಟರ್. ಇದು ಖರ್ಚು.

ಇನ್ನು ಜಮೆ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್. ವರ್ಷದ 600 ಮಿಲಿಮೀಟರಿಗೆ 24 ಲಕ್ಷ ಲೀಟರ್. ಸಾಕಷ್ಟಾಯಿತಲ್ಲ ಎಂದು ಹುಡುಗಿ ಸಂತೋಷಪಟ್ಟಳು. ಆದರೆ ಅದರಲ್ಲಿ ಬಹುಪಾಲು ಆವಿಯಾಗುತ್ತದೆ, ಗಿಡಗಳು ಹೀರುತ್ತವೆ, ಹರಿದೂ ಹೋಗುತ್ತದೆ. ಗಟ್ಟಿ ಕಲ್ಲಿನ ಸೀಮೆಯಲ್ಲಿ ಅಂತರ್ಜಲಕ್ಕೆ ಇಳಿಯುವುದು ನೂರಕ್ಕೆ ಹತ್ತು ಭಾಗವೆಂದರೆ ಉದಾರವಾದ ಲೆಕ್ಕ. ಅಂದರೆ 2 ಲಕ್ಷ 40 ಸಾವಿರ ಲೀಟರ್. ಒಂದು ಎಕರೆ ಅಡಕೆ ತೋಟದ ಬೇಸಿಗೆಯ ಬಾಯಾರಿಕೆಗೆ ಐದು ಎಕರೆ ನೆಲದಲ್ಲಿ ಇಂಗಿದ ಮಳೆ ಬೇಕು!

ತೋಟಗಳು ವಿರಳವಾಗಿದ್ದಾಗ ಸುತ್ತಲಿನ ಹೊಲ ಗುಡ್ಡಗಳು ಆ ನಾಲ್ಕು ಎಕರೆಯ ಪಾಲನ್ನು ಕೊಡುತ್ತಿದ್ದವು. ಹೊಲಗಳೆಲ್ಲ ತೋಟಗಳಾದರೆ ಕೊಡುವವರು ಯಾರು? ಮರ ಹೀರಿದ ನೀರು ನಾಶವಾಗುವುದಿಲ್ಲ. ಎಲೆಗಳ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ ಗಾಳಿಯೊಡನೆ ತೇಲಿ, ಎಲ್ಲಿಯೋ ಮಳೆಯಾಗುತ್ತದೆ. ಜಗತ್ತಿಗೆ ಅದು ನಷ್ಟವಲ್ಲ, ಆ ಊರಿಗೆ ನಷ್ಟ.

ನಮ್ಮ ಹಿರಿಯರು ಜಲಚಕ್ರದ ಚಿತ್ರವನ್ನು ಬರೆಯಲಿಲ್ಲ. ಆದರೆ ಅದನ್ನು ನಿಧಾನಿಸುವ ಬಗೆಯನ್ನು ಅರಿತಿದ್ದರು. ಓಡುವ ನೀರಿಗೆ ಏರಿ ಕಟ್ಟಿದರು, ಅದು ನಿಂತು ಇಂಗಲು ಅವಕಾಶ ಮಾಡಿದರು, ತೂಬಿನಿಂದ ಅಳತೆಯಾಗಿ ಬಿಟ್ಟುಕೊಂಡರು. ಚಿತ್ರದುರ್ಗದ ಕೋಟೆಯನ್ನು ನೋಡಲು ಹೋದಾಗ ಗಮನಿಸಿರಿ: ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡವನ್ನು ತುಂಬಿ, ಹೆಚ್ಚಾದುದು ಅಕ್ಕತಂಗಿ ಹೊಂಡಕ್ಕೆ ಇಳಿದು, ಹಾಗೆಯೇ ಕೆಳಗಿನ ಹೊಂಡಗಳಿಗೆ ಸಾಗುತ್ತಿತ್ತು. ಸೊನ್ನಲಿಗೆಯಲ್ಲಿ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿದುದು ಲೋಕಪ್ರಸಿದ್ಧ. ಶರಣರ ದೃಷ್ಟಿಯಲ್ಲಿ ಕೆರೆ ತೋಡುವುದು ಕಾಯಕ, ಅದರ ನೀರು ಎಲ್ಲರಿಗೂ ದಕ್ಕುವುದು ದಾಸೋಹ.

ಮಳೆಯೂ ವರ್ಷವರ್ಷವೂ ಒಂದೇ ಸಮನಲ್ಲ. ಹಿರಿಯೂರಿನ ಬಳಿ ವೇದಾವತಿಗೆ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದುದು, ಮತ್ತೆ ಬಿದ್ದುದು 2022ರಲ್ಲಿ. ನಡುವೆ 89 ವರ್ಷಗಳು! ಅದಕ್ಕೂ ಒಳ್ಳೆಯ ಮಳೆಯೊಡನೆ ಭದ್ರೆಯಿಂದ ಹರಿಸಿದ ನೀರು ನೆರವಾಗಿತ್ತು. ದೂರದ ನದಿಯಿಂದ ನೀರು ಬಂದರೆ ಉಪಕಾರವೇ ಸರಿ. ಆದರೆ ನಮ್ಮ ಕೆರೆಯಲ್ಲಿ ಹೂಳು ತುಂಬಿದ್ದರೆ, ಕೆರೆಗೆ ನೀರು ತರುವ ಹಳ್ಳ ಮುಚ್ಚಿದ್ದರೆ, ಬಂದ ನೀರಾದರೂ ಎಲ್ಲಿ ನಿಲ್ಲಬೇಕು? ಹೂಳನ್ನು ತೆಗೆದು ತೋಟಕ್ಕೆ ಹಾಕಿದರೆ ಕೆರೆಗೂ ಹಿತ, ತೋಟಕ್ಕೂ ಗೊಬ್ಬರ.

ಲೆಕ್ಕ ಮುಗಿದಾಗ ಯಜಮಾನರು ನಮ್ಮ ಬಳಿಗೆ ಬಂದು ಕುಳಿತಿದ್ದರು. ರಾಗಿ ಬೆಳೆಯುವ ಎರಡು ಎಕರೆ ಹೊಲಕ್ಕೂ ಅಡಕೆ ಸಸಿ ನೆಡಬೇಕೆಂದು, ಅದಕ್ಕಾಗಿ ಸಾಲ ಮಾಡಿ ನಾಲ್ಕನೆಯ ಬೋರು ಕೊರೆಸಬೇಕೆಂದು ಅವರು ಯೋಚಿಸಿದ್ದರಂತೆ. ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಅವ್ವಾ, ಆ ಐದು ಎಕರೆ ಲೆಕ್ಕಾನ ಇನ್ನೊಂದು ಸಲ ಹೇಳು" ಎಂದರು. ಆಕೆ ಮೊದಲಿನಿಂದ ಹೇಳತೊಡಗಿದಳು.

ಮಕ್ಕಳೇ, ನಿಮಗೂ ಒಂದು ಕೆಲಸವಿದೆ. ನಿಮ್ಮ ಮನೆಯ ಮಾಳಿಗೆಯ ಉದ್ದಗಲಗಳನ್ನು ಮೀಟರಿನಲ್ಲಿ ಅಳೆದು ಗುಣಿಸಿರಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ನಿಮ್ಮ ಊರಿನ ವರ್ಷದ ಮಳೆಯನ್ನು ಶಾಲೆಯಲ್ಲಿ ಕೇಳಿ ತಿಳಿದು, ನಿಮ್ಮ ಮಾಳಿಗೆಯಿಂದ ಎಷ್ಟು ನೀರು ಬೀದಿಗೆ ಹರಿದು ಹೋಗುತ್ತಿದೆ ಎಂಬುದನ್ನು ಲೆಕ್ಕ ಹಾಕಿರಿ. ಉತ್ತರವನ್ನು ಮೊದಲು ಮನೆಯ ಹಿರಿಯರಿಗೆ ತೋರಿಸಿ, ಅನಂತರ ನಮಗೆ ಬರೆಯಿರಿ.